ಹತ್ತು ಸಾವಿರದ ಏಳು

ವರದಾ ನದಿಯ ದಂಡೆಯಲ್ಲಿ ಗಣಿತ ಕಲಿಸುವ ಒಂದು ಆಶ್ರಮವಿತ್ತು. ಅಲ್ಲಿ ಓದು ಮುಗಿಸಿದ ಶಿಷ್ಯ ಹೊರಡುವ ಮುನ್ನ ಗುರುಗಳಿಗೆ ಹಣ್ಣು ಹಂಪಲು ಒಪ್ಪಿಸುವಂತಿರಲಿಲ್ಲ. ಹತ್ತು ಸಾವಿರಕ್ಕೆ ಮೇಲ್ಪಟ್ಟ ಒಂದು ಅವಿಭಾಜ್ಯ ಸಂಖ್ಯೆಯನ್ನು ಹುಡುಕಿ ಒಪ್ಪಿಸಬೇಕಿತ್ತು. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಸುವ ಸಂಖ್ಯೆ.

ನಾಗಾರ್ಯನ ಸರದಿ ಬಂದ ದಿನ ಬೆಳಗ್ಗೆಯೇ ಬನವಾಸಿಯ ಗಾಡಿ ಬಂದು ನಿಂತಿತ್ತು. ಅಲ್ಲಿನ ಪಾಠಶಾಲೆಗೆ ಉಪಾಧ್ಯಾಯರು ಬೇಕಾಗಿದ್ದರು. ಹನ್ನೆರಡು ವರ್ಷ ಅವನು ಕಾದದ್ದು ಇಂಥ ಒಂದು ಗಾಡಿಗಾಗಿಯೇ.

“ಹತ್ತು ಸಾವಿರದ ಏಳು,” ಎಂದು ನಮಸ್ಕರಿಸಿದ.

ಗುರು ಶ್ರುತಸೇನರು ಕೇಳಿದರು. “ಯಾವುದರಿಂದೆಲ್ಲ ಭಾಗಿಸಿದೆ?”

“ನೂರರೊಳಗಿನ ಇಪ್ಪತ್ತೈದು ಅವಿಭಾಜ್ಯಗಳಿಂದ. ಇದಕ್ಕೆ ಅಷ್ಟು ಸಾಕೆಂದು ತಾವೇ ಕಲಿಸಿದ್ದೀರಿ.”

“ತೊಂಬತ್ತೇಳಕ್ಕೆ ಶೇಷ?”

“ಹದಿನಾರು.”

“ಎಂಬತ್ತೊಂಬತ್ತಕ್ಕೆ?”

“ಮೂವತ್ತೊಂಬತ್ತು.”

“ಎಪ್ಪತ್ತಮೂರಕ್ಕೆ?”

ನಾಗಾರ್ಯ ಗಂಟು ಕಟ್ಟುವ ಅವಸರದಲ್ಲಿ ಅದೊಂದನ್ನು ಬಿಟ್ಟಿದ್ದ.

“ಇಪ್ಪತ್ತನಾಲ್ಕಕ್ಕೆ ಜಗ್ಗದ್ದು ಇನ್ನೊಂದಕ್ಕೆ ಜಗ್ಗೀತೇ, ಗುರುಗಳೇ?”

ಗುರುಗಳು ಲೆಕ್ಕಕ್ಕೆಂದು ಹರಡಿದ್ದ ಮರಳನ್ನು ಅಂಗೈಯಿಂದ ಸವರಿ ಹತ್ತು ಸಾವಿರದ ಒಂದು ಎಂದು ಬರೆದರು. “ಇದೂ ಆ ಇಪ್ಪತ್ತನಾಲ್ಕಕ್ಕೆ ಜಗ್ಗುವುದಿಲ್ಲ. ನೀನು ಬಿಟ್ಟದ್ದರಿಂದ ಭಾಗಿಸು.”

ಭಾಗಿಸಿದ. ನೂರ ಮೂವತ್ತೇಳು ಬಂತು. ಶೇಷ ಏನೂ ಉಳಿಯಲಿಲ್ಲ.

“ಒಂದು ಗಳಿಗೆ ಕೊಡಿ. ನನ್ನ ಸಂಖ್ಯೆಯನ್ನೂ ಎಪ್ಪತ್ತಮೂರರಿಂದ ಭಾಗಿಸಿಬಿಡುತ್ತೇನೆ.”

“ಎರಡರಿಂದ ಶುರುಮಾಡು.”

“ಇಪ್ಪತ್ತೈದನ್ನೂ ಮತ್ತೆ?”

“ಒಂದನ್ನು ಬಿಟ್ಟವನು ಉಳಿದವನ್ನು ಹೇಗೆ ಮಾಡಿದ್ದಾನೋ, ನನಗೇನು ಗೊತ್ತು?”

ಗಾಡಿಯವನು ಕೂಗಿದ. “ಸ್ವಾಮೀ, ಬಿಸಿಲೇರ್ತದೆ, ಎತ್ತು ನಿಲ್ಲಾಕಿಲ್ಲ. ನೀವು ಬರಲ್ಲ ಅಂದ್ರೆ ಬೇರೆ ಯಾರನ್ನಾದ್ರೂ ಹತ್ತಿಸಿ. ಬರಿಗಾಡಿ ಹೊಡ್ಕೊಂಡು ಹೋದ್ರೆ ಊರಿನೋರು ನನ್ನನ್ನೇ ಪಾಠಕ್ಕೆ ಕೂರಿಸ್ತಾರೆ!”

ನಾಗಾರ್ಯ ಗಾಡಿಯನ್ನು ನೋಡಿದ. ಹತ್ತಿದರೆ ಗುರುಗಳು ತಡೆಯುವವರಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮರಳಿನ ಮೇಲೆ ಕುಳಿತ. ಎರಡರಿಂದ ಶುರುಮಾಡಿದ.

ಹಿಂದಿನ ತಿಂಗಳಷ್ಟೇ ತನ್ನ ಸಂಖ್ಯೆ ಒಪ್ಪಿಸಿದ್ದ ಸಹಪಾಠಿ ಅಜಿತಸೇನ ಗಾಡಿ ಹತ್ತಿದ. ಗಾಲಿಯ ಸದ್ದು ದೂರವಾಗುವವರೆಗೂ ನಾಗಾರ್ಯ ತಲೆಯೆತ್ತಲಿಲ್ಲ. ಹದಿನೇಳಕ್ಕೆ ಬಂದಾಗ ಲೆಕ್ಕ ತಪ್ಪಿತು. ಅಳಿಸಿ ಮತ್ತೆ ಮಾಡಿದ.

ಹೊತ್ತು ಇಳಿಯುವಾಗ ಗುರುಗಳ ಮುಂದೆ ಬಂದು ನಿಂತ. ಇಪ್ಪತ್ತೈದು ಶೇಷಗಳನ್ನೂ ಒಂದೊಂದಾಗಿ ಹೇಳಿದ. ಎಪ್ಪತ್ತಮೂರಕ್ಕೆ ಆರು ಉಳಿದಿತ್ತು.

“ಅವಿಭಾಜ್ಯವೇ,” ಎಂದ. ಆಮೇಲೆ ತಡೆಯಲಾಗಲಿಲ್ಲ. “ಬೆಳಗ್ಗೆ ನಾನು ಹೇಳಿದ್ದು ಸರಿಯಾಗಿಯೇ ಇತ್ತಲ್ಲ, ಗುರುಗಳೇ! ಗಾಡಿ ಸುಮ್ಮನೆ ತಪ್ಪಿಹೋಯಿತು.”

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

“ಬೆಳಗ್ಗೆ ಅದು ಸಂಖ್ಯೆಗೆ ಮಾತ್ರ ಗೊತ್ತಿತ್ತು.”