ಅಕ್ಕಣಿಯ ಮಗ ಕ್ಲಚ್ ಹಾಕಿದ್ದು

ಪೆದ್ದರು ಕಡಲಿನಷ್ಟೇ ಹಳಬರು, ಮಾರಾಯ್ರೆ. ನಾನು ಹೇಳುವ ಪೆದ್ದನ ಹತ್ತಿರ ನಾಲ್ಕು ಚಕ್ರದ ಬೈಕು ಇತ್ತು, ಅಷ್ಟೇ ವ್ಯತ್ಯಾಸ. ಹೆಸರು ಹೆರಿಯ. ವಯಸ್ಸು ಇಪ್ಪತ್ತೆಂಟು, ತೋಳಲ್ಲಿ ಇಬ್ಬರ ಬಲ, ತಲೆಯಲ್ಲಿ ಮಾತ್ರ ಒಂದು ಸಲಕ್ಕೆ ಒಂದೇ ಮಾತಿಗೆ ಜಾಗ. ತಾಯಿ ಅಕ್ಕಣಿ ವರ್ಷಗಟ್ಟಲೆ ಮೀನು ಮಾರಿ ಆ ಬೈಕು ತೆಗೆದಿದ್ದಳು. ಬೀಚಿಗೆ ಬಂದವರನ್ನು ಹೆರಿಯ ಹಿಂದೆ ಕೂರಿಸಿಕೊಂಡು ಮರಳ ದಿಬ್ಬ ಹತ್ತಿಸಿ ಇಳಿಸುತ್ತಿದ್ದ. ಮನೆ ನಡೆಯುತ್ತಿದ್ದುದು ಅದರಲ್ಲೇ.

ಪೆದ್ದನ ಕೈಗೆ ಗಾಡಿ ಕೊಟ್ಟಿದ್ದಾಳೆ ಎಂದು ಕೇರಿಯವರು ನಕ್ಕರೆ ಅಕ್ಕಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಲ್ಲುತ್ತಿದ್ದಳು. "ನನ್ನ ಮಗ ಹೇಳಿದ್ದನ್ನು ಹೇಳಿದ ಹಾಗೇ ಮಾಡ್ತಾನೆ. ನಿಮ್ಮ ಮಕ್ಕಳು ಮಾಡ್ತಾರಾ?" ಮನೆಯೊಳಗೆ ಬಂದು ಅವಳು ಹಣೆ ಚಚ್ಚಿಕೊಳ್ಳುತ್ತಿದ್ದುದು ಬೇರೆ ಮಾತು.

ಹೀಗಿರುವಾಗ ಬೈಕಿನ ಕ್ಲಚ್ ಜಾರತೊಡಗಿತು. ಇಂಜಿನ್ ಹೋ ಎಂದು ಕೂಗುತ್ತದೆ, ಗಾಡಿ ತುಂಬು ಬಸುರಿ ಎಮ್ಮೆಯ ಹಾಗೆ ತೆವಳುತ್ತದೆ, ಅರ್ಧ ದಿಬ್ಬಕ್ಕೆ ನಿಂತೇ ಬಿಡುತ್ತದೆ. ಅದೂ ಯಾವಾಗ? ಭಾನುವಾರ ಪಂಚಾಯ್ತಿ ಅಧ್ಯಕ್ಷೆ ಹೇಮಾವತಿಯಮ್ಮ ಗಾಡಿ ನೋಡಲು ಬರುವುದಿತ್ತು. ಇಬ್ಬರನ್ನು ಹೊತ್ತು ದಿಬ್ಬ ಹತ್ತಿದರೆ ಈ ವರ್ಷವೂ ಪರವಾನಗಿ, ಹತ್ತದಿದ್ದರೆ ಬೀಚಿನಿಂದ ಗಾಡಿ ಎತ್ತಬೇಕು.

ಗ್ಯಾರೇಜಿನ ಡೊಲ್ಫಿ ಮೇಸ್ತ್ರಿ ನೋಡಿದ. ಒಳಗಿನ ಕ್ಲಚ್ ಪ್ಲೇಟು ಸವೆದು ಹೋಗಿವೆ, ಹೊಸದು ಹಾಕಿ ಅಂದ. ಬಿಚ್ಚುವುದು, ಕೂಡಿಸುವುದು ಎರಡು ಸಲ ತೋರಿಸಿ, ಹೊಸ ಪ್ಲೇಟಿನ ಕಟ್ಟು ಹೆರಿಯನ ಕೈಗೆ ಕೊಟ್ಟ. ಮೀನಿನ ಬುಟ್ಟಿ ಹೊತ್ತು ಹೊರಟಿದ್ದ ಅಕ್ಕಣಿ ಮಗನಿಗೆ ಒಂದೇ ಮಾತು ಹೇಳಿದಳು, ಇದು ಹಾಳಾಗದ ಹಾಗೆ ನೋಡಿಕೋ ಅಂತ.

ಹಿಂದಿನ ವಾರವಷ್ಟೇ ಹೆರಿಯ ಒಂದು ಬುಟ್ಟಿ ಬಂಗಡೆ ಕೊಳೆಸಿ ಬೈಸಿಕೊಂಡಿದ್ದ. ಹಾಳಾಗಬಾರದ್ದಕ್ಕೆ ಉಪ್ಪು ಹಾಕು, ಬಿಸಿಲಿಗೆ ಹರಡು, ಬಲೆ ಮುಚ್ಚು, ಕಾಗೆ ಓಡಿಸು ಎಂದು ಅವಳೇ ಕಲಿಸಿದ್ದಳು. ಸಂಜೆ ಬಂದು ನೋಡುತ್ತಾಳೆ, ಅಂಗಳದ ಚಾಪೆ ಮೇಲೆ ಕ್ಲಚ್ ಪ್ಲೇಟು ಸಾಲಾಗಿ ಮಲಗಿವೆ, ಮೇಲೆ ಉಪ್ಪು, ಅದರ ಮೇಲೆ ಬಲೆ. ಹೆರಿಯ ಕೋಲು ಹಿಡಿದು ಕೂತಿದ್ದಾನೆ.

"ಒಂದು ಕಾಗೆಯೂ ಮುಟ್ಟಲಿಲ್ಲ ಅಬ್ಬೆ" ಅಂದ, ಎದೆಯುಬ್ಬಿಸಿ.

ಅಕ್ಕಣಿ ಪ್ಲೇಟು ತೊಳೆದಳು, ಒರೆಸಿದಳು, ಬೈದಳು. ಇದೇನು ಮೀನೇನೋ? ಡೊಲ್ಫಿಗೆ ಫೋನು ಹಚ್ಚಿ ಕೇಳಿ, ಅವನು ಹೇಳಿದ್ದನ್ನೇ ಮಗನ ತಲೆಗೆ ತುಂಬಿದಳು: ಗಾಡಿಯೊಳಗೆ ಹೋಗುವ ಸಾಮಾನಿಗೆ ಉಪ್ಪಲ್ಲ, ಇಂಜಿನ್ ಆಯಿಲಿನಲ್ಲಿ ಮುಳುಗಿಸಿ ಬೆಳಗಿನ ತನಕ ಇಡಬೇಕು, ಆಮೇಲೆ ಜೋಡಿಸಬೇಕು.

ಶನಿವಾರ ಹೆರಿಯ ಕ್ಲಚ್ ಜೋಡಿಸಿದ. ಡೊಲ್ಫಿ ತೋರಿಸಿದ ಹಾಗೇ, ಒಂದು ಬೋಲ್ಟೂ ಆಚೀಚೆ ಆಗಲಿಲ್ಲ. ಹತ್ತಿ ಕೂತ, ಕಿಕ್ ಹೊಡೆದ. ಗಾಡಿ ಸರ್ರನೆ ದಿಬ್ಬ ಏರಿತು. ಅಕ್ಕಣಿಗೆ ಕಣ್ಣು ತುಂಬಿ ಬಂತು. ಗಾಡಿ ಅದೇ ಸರ್ರನೆ ಇಳಿಯಿತು, ಅಂಗಳಕ್ಕೆ ಬಂತು, ಒಣಹಾಕಿದ ಮೀನಿನ ಮೇಲೆ ಹಾಯಿತು, ನಿಲ್ಲಲಿಲ್ಲ, ನೆಟ್ಟಗೆ ಕಡಲಿಗೆ ಇಳಿಯಿತು. ಎದುರು ಬಂದ ತೆರೆಯೇ ಅದನ್ನು ನಿಲ್ಲಿಸಿತು.

ಬ್ರೇಕಿಗೆ ಏನಾಯಿತೋ ಎಂದು ಕೇಳಿದರೆ ಹೆರಿಯ ಸೊಂಟದ ಮಟ್ಟ ನೀರಲ್ಲಿ ನಿಂತು ನಗುತ್ತಾನೆ. ಬ್ರೇಕ್ ಶೂ ಬಿಚ್ಚಿ ಅದನ್ನೂ ಆಯಿಲಿನಲ್ಲಿ ನೆನೆಸಿದ್ದನಂತೆ. ಅದೂ ಗಾಡಿಯೊಳಗೆ ಹೋಗುವ ಸಾಮಾನೇ ಅಲ್ಲವಾ?

ಡೊಲ್ಫಿಯೇ ಓಡಿ ಬಂದು ನೀರು ಬಸಿದು, ಆಯಿಲು ಬದಲಿಸಿ, ಹೊಸ ಬ್ರೇಕ್ ಶೂ ಹಾಕಿಕೊಟ್ಟ. ಅಕ್ಕಣಿ ಮಾತ್ರ ರಾತ್ರಿ ಊಟದ ತನಕ ಬೈದಳು. "ಇನ್ನು ಮೇಲೆ ಗಾಡಿ ನಿಲ್ಲಿಸಿದರೆ ನಿನ್ನ ಮಾವ ದೋಣಿ ನಿಲ್ಲಿಸಿದ ಹಾಗೆ ನಿಲ್ಲಿಸು. ಒಂದು ಗೇಣು ಅಲುಗಬಾರದು."

ಆಗಲಿ ಅಬ್ಬೆ, ಅಂದ ಹೆರಿಯ.

ಭಾನುವಾರ ಹೇಮಾವತಿಯಮ್ಮ ಬಂದರು. ನೋಡಲು ಇಡೀ ಕೇರಿ ಬಂತು. ಅಧ್ಯಕ್ಷೆ ಹಿಂದೆ ಗಟ್ಟಿ ಹಿಡಿದು ಕೂತರು, ಹೆರಿಯ ಗೇರು ಹಾಕಿದ. ಗಾಡಿ ಒಮ್ಮೆ ಮುಗ್ಗರಿಸಿತು, ಇಂಜಿನ್ ಗುಡುಗಿತು. ಅಕ್ಕಣಿ ಕಣ್ಣು ಮುಚ್ಚಿಕೊಂಡಳು. ಮುಗಿಯಿತು, ಮತ್ತೆ ಜಾರಿತು ಅಂದುಕೊಂಡಳು.

ಕೇರಿಯವರು ಹೋ ಅಂದದ್ದು ಕೇಳಿ ಕಣ್ಣು ತೆರೆದಳು. ಗಾಡಿ ದಿಬ್ಬ ಏರುತ್ತಿದೆ. ಗಾಡಿಯ ಹಿಂದೆ ಅವಳ ತಮ್ಮ ಮಾದೇವನ ದೋಣಿಯೂ ಏರುತ್ತಿದೆ! ಬೆಳಿಗ್ಗೆ ಗಾಡಿ ನಿಲ್ಲಿಸುವಾಗ ಹೆರಿಯ ಮಾವನ ಲಂಗರನ್ನೇ ತಂದು ಹಿಂದಿನ ಕಂಬಿಗೆ ಸಿಕ್ಕಿಸಿದ್ದ. ಲಂಗರಿನ ಹಗ್ಗದ ಇನ್ನೊಂದು ತುದಿ ದೋಣಿಯ ಮೂತಿಯಲ್ಲೇ ಇತ್ತು. ಮಾವ ದೋಣಿ ನಿಲ್ಲಿಸಿದ ಹಾಗೆ ನಿಲ್ಲಿಸು ಅಂದದ್ದು ಅಬ್ಬೆ. ಲಂಗರು ತೆಗೆ ಎಂದು ಯಾರೂ ಹೇಳಿರಲಿಲ್ಲ.

ನಾಲ್ಕು ಗಂಡಸರು ಹೈಸಾ ಹಾಕಿ ಎಳೆಯುವ ದೋಣಿ ಅದು. ಕ್ಲಚ್ ಒಂದು ಕೂದಲೆಳೆ ಜಾರಲಿಲ್ಲ.

ದಿಬ್ಬದ ತುದಿಯಲ್ಲಿ ಇಳಿದ ಹೇಮಾವತಿಯಮ್ಮ ದೋಣಿ ನೋಡಿದರು, ಗಾಡಿ ನೋಡಿದರು, ಕ್ಲಚ್ ಹಾಕಿದ್ದು ಯಾರು ಎಂದು ಕೇಳಿದರು. "ನನ್ನ ಮಗ" ಅಂದಳು ದಿಬ್ಬ ಹತ್ತಿ ಓಡಿ ಬಂದ ಅಕ್ಕಣಿ. ಕೇರಿಗೆಲ್ಲ ಕೇಳಲಿ ಎಂದು ಇನ್ನೊಮ್ಮೆ ಅಂದಳು. ಅಲ್ಲೇ ಸಹಿ ಬಿತ್ತು, ಮೊಹರು ಬಿತ್ತು.

ಪರವಾನಗಿಯ ಕಾಗದ ಮಗನ ಕೈಗಿಟ್ಟು, ಹಾಳಾಗದ ಹಾಗೆ ನೋಡಿಕೋ ಎಂದು ಹೇಳಿ ಅಕ್ಕಣಿ ಮನೆಮನೆಗೆ ಬೆಲ್ಲ ಹಂಚಲು ಹೋದಳು. ತಿರುಗಿ ಬಂದರೆ ಅಂಗಳದಲ್ಲಿ ಚಾಪೆ. ಚಾಪೆಯ ನಡುವೆ ಕಾಗದ, ಕಾಗದದ ಮೇಲೆ ಉಪ್ಪು, ಉಪ್ಪಿನ ಮೇಲೆ ಬಲೆ, ಪಕ್ಕದಲ್ಲಿ ಕೋಲು ಹಿಡಿದ ಹೆರಿಯ.

ಬೈಯಲು ಬಾಯಿ ತೆರೆದಳು. ಬೇಲಿಯಾಚೆ ಕೇರಿಯವರು ನಗಲು ಕಾಯುತ್ತಿದ್ದರು. ಅಕ್ಕಣಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಇನ್ನೊಂದು ಕೋಲು ತಂದಳು, ಮಗನ ಪಕ್ಕ ಕೂತಳು.

"ಆ ಕಡೆಯ ಕಾಗೆ ನೀನು ನೋಡು" ಅಂದಳು. "ಈ ಕಡೆಯದನ್ನು ನಾನು ನೋಡ್ತೇನೆ."