ಹದಿನೈದು ಅಡಿ ದೂರದ ಅಪ್ಪ

ಕೊಳ್ಳೇಗಾಲದ ಒಂದು ಗಲ್ಲಿಯಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಮಗ. ತಾಯಿ ಸರ್ವಮಂಗಳಮ್ಮ ಆ ಗಲ್ಲಿಗೇ ಮೊದಲು ಬಿ.ಎ. ಪಾಸಾದವಳು. ಮಗ ನಂಜುಂಡಿಗೆ ಮೂವತ್ತೆರಡು ವರ್ಷ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಗೋಳು.

ಗಂಡ ಮಹದೇವಯ್ಯ ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು. ಮನೆಯಲ್ಲಿ ಹನ್ನೊಂದು ಆಲ್ಬಮ್. ಪ್ರತಿ ಫೋಟೊದ ಹಿಂದೆಯೂ ಸರ್ವಮಂಗಳಮ್ಮನ ಅಕ್ಷರದಲ್ಲಿ ತಾರೀಖು, ಊರು, ಹೆಸರು. ಆದರೆ ಒಂದರಲ್ಲೂ ಮಹದೇವಯ್ಯ ಇಲ್ಲ. ಕ್ಯಾಮೆರಾ ಯಾವಾಗಲೂ ಅವರ ಕೈಯಲ್ಲೇ. "ಅಲುಗಾಡಬೇಡಿ" ಅನ್ನುವರು, ಎಡಗಣ್ಣು ಕಿರಿದು ಮಾಡುವರು, ಕೊನೆಗೆ "ಆಯ್ತು" ಅನ್ನುವರು. ಅಲ್ಲಿಯ ತನಕ ಯಾರೂ ಉಸಿರು ಬಿಡುವಂತಿಲ್ಲ.

ಅವರು ಇದ್ದದ್ದು ಒಂದೇ ಫೋಟೊದಲ್ಲಿ: ಮದುವೆಯೊಂದರಲ್ಲಿ ನೆಂಟರು ಮೊಬೈಲಿನಲ್ಲಿ ತೆಗೆದ ಗುಂಪಿನ ಫೋಟೊ. ವರ್ಷದ ಪೂಜೆಗೆ ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕು. ಗಂಡನ ಮುಖ ನೆನಪಿನಲ್ಲಿ ಮಾಸುತ್ತಿದೆ ಎಂಬ ಹೆದರಿಕೆಯನ್ನು ಸರ್ವಮಂಗಳಮ್ಮ ಯಾರಿಗೂ ಹೇಳಿರಲಿಲ್ಲ.

ನಿಮ್ಮಪ್ಪನನ್ನು ದೊಡ್ಡದು ಮಾಡಿಸಿಕೊಂಡು ಬಾ ಎಂದು ಮಗನನ್ನು ಕಳಿಸಿದಳು. ನಂಜುಂಡಿ ದಾರಿಯಲ್ಲೇ ಎರಡು ಬೆರಳಿಟ್ಟು ಹಿಗ್ಗಿಸಿದ. ಇನ್ನೂ ಹಿಗ್ಗಿಸಿದ. ಮೊಬೈಲ್ ತುಂಬಾ ಅಪ್ಪನೇ ಆದಾಗ ಸ್ಕ್ರೀನ್‌ಶಾಟ್ ತೆಗೆದು ಫೋಟೊ ಸ್ಟುಡಿಯೋ ನಡೆಸುವ ಜಬಿಗೆ ಕೊಟ್ಟ. ಬಂದ ಪ್ರಿಂಟ್ ಮೂರಡಿ ಎತ್ತರ, ಚೌಕುಳಿ ಚೌಕುಳಿ; ಕಣ್ಣೆಲ್ಲಿ ಮೂಗೆಲ್ಲಿ ತಿಳಿಯದು.

ತಾಯಿ ಬೈದಳು. ಬೈದು ಬುದ್ಧಿ ಹೇಳಿದಳು: ಫೋಟೊಗೆ ಬೆರಳು ತಾಗಿಸಬೇಡ, ತೆಗೆದವರ ಮೊಬೈಲಿನಿಂದಲೇ ತಂದು ಇದ್ದದ್ದನ್ನು ಇದ್ದ ಹಾಗೇ ಕೊಡು. ನಂಜುಂಡಿ ತಲೆ ಆಡಿಸಿದ.

ಇದ್ದದ್ದನ್ನು ಇದ್ದ ಹಾಗೇ ಕೊಟ್ಟ. ಮದುಮಕ್ಕಳು, ಬೀಗರು, ಅಡುಗೆಯವರು, ಮೂವತ್ತನಾಲ್ಕು ಜನ ಗೋಡೆಯಗಲ ಬಂದರು. ಮೂಲೆಯಲ್ಲಿ ನಿಂಬೆಹಣ್ಣಿನಷ್ಟು ಮುಖದ ಮಹದೇವಯ್ಯ.

ತಾಯಿ ಬೈದಳು. ಬೈದು ಬುದ್ಧಿ ಹೇಳಿದಳು: ಊರವರೆಲ್ಲ ಯಾಕೆ, ನನಗೆ ನಿಮ್ಮಪ್ಪ ಒಬ್ಬರು ಸಾಕು. ನಂಜುಂಡಿ ತಲೆ ಆಡಿಸಿದ.

ಈ ಸಲ ಅಪ್ಪ ಒಬ್ಬರೇ ಬಂದರು. ಅವರ ತೋಳಿನ ಮೇಲೆ ಬಳೆ ತೊಟ್ಟ ಒಂದು ಕೈ. ಕೈಯ ಹಿಂದೆ ಯಾರೂ ಇಲ್ಲ.

"ಇದು ನನ್ನ ಕೈ ಕಣೋ," ಅಂದಳು ಸರ್ವಮಂಗಳಮ್ಮ. "ನಾನೆಲ್ಲಿ?"

"ಒಬ್ಬರು ಸಾಕು ಅಂದಿದ್ದಲ್ಲವ್ವ."

ಅವಳಿಗೆ ಬೈಯಲೂ ಆಗಲಿಲ್ಲ. ಮೇಲಾಗಿ, ಹತ್ತಿರ ಹೋದರೆ ಮುಖ ಇನ್ನೂ ಮಸುಕು. ಮಗನನ್ನು ಕರೆದುಕೊಂಡು ತಾನೇ ಸ್ಟುಡಿಯೋಗೆ ಹೋದಳು. ಜಬಿ ಸ್ಟೂಲು ಹಾಕಿ ಕೂರಿಸಿ ಹೇಳಿದ: ಮುಖ ಸಣ್ಣದಿದೆ, ಇದಕ್ಕಿಂತ ಚೊಕ್ಕ ಮಾಡಬೇಕಾದರೆ ಕಂಪ್ಯೂಟರ್ ತಾನೇ ಕಣ್ಣು ಮೂಗು ಊಹಿಸಿ ತುಂಬುತ್ತದೆ.

"ಚೆನ್ನಾಗೇನೋ ಇರ್ತದೆ ಅಮ್ಮಾ. ಆದ್ರೆ ಅದು ಅಯ್ಯನವರ ಮುಖ ಆಗಿರಲ್ಲ."

"ಹಾಗಾದರೆ ಬೇಡಪ್ಪ, ಇದೇ ಇರಲಿ," ಅಂದಳು ಸರ್ವಮಂಗಳಮ್ಮ.

ದೊಡ್ಡ ಪ್ರಿಂಟನ್ನು ಮೂಗು ತಾಗಿಸಿ ನೋಡಬಾರದು, ಹದಿನೈದು ಅಡಿ ದೂರದಿಂದ ನೋಡಿದರೆ ಸರಿಯಾಗಿ ಕಾಣುತ್ತದೆ ಎಂದು ಜಬಿ ಹೇಳಿ ಕಳಿಸಿದ. ನಂಜುಂಡಿ ತಲೆ ಆಡಿಸಿದ.

ಪೂಜೆಯ ದಿನ ಬೆಳಿಗ್ಗೆ ಗೋಡೆ ಖಾಲಿ. ಅಪ್ಪ ಎಲ್ಲಿ ಎಂದು ಕೇಳಿದರೆ ನಂಜುಂಡಿ ಅಳತೆಯ ಟೇಪು ತೋರಿಸಿದ. ನಡುಮನೆ ಒಂಬತ್ತೇ ಅಡಿ ಇತ್ತಂತೆ. ಬಾಗಿಲಿನಿಂದ ಅಳೆದುಕೊಂಡು ಹೋದನಂತೆ. ಹದಿನೈದಕ್ಕೆ ಸರಿಯಾಗಿ ಎದುರಿನ ರಾಗಿ ಮಿಲ್ಲಿನ ಗೋಡೆ ಸಿಕ್ಕಿತಂತೆ.

ಬೈಯಲೆಂದೇ ಸರ್ವಮಂಗಳಮ್ಮ ಹೊಸ್ತಿಲಿಗೆ ಬಂದಳು. ಗಲ್ಲಿಯ ಆಚೆ ಮಹದೇವಯ್ಯ ಸ್ಪಷ್ಟವಾಗಿ ಇದ್ದರು. ಎಡಗಣ್ಣು ಒಂಚೂರು ಕಿರಿದು, ಈಗಿನ್ನೇನು ಅವಳ ಫೋಟೊ ತೆಗೆಯುವವರ ಹಾಗೆ. ಆ ಕಣ್ಣನ್ನು ಅವಳು ಮರೆತೇಬಿಟ್ಟಿದ್ದಳು.

ಸೆರಗು ಸರಿಮಾಡಿಕೊಂಡಳು. ಮಗನನ್ನು ಪಕ್ಕಕ್ಕೆಳೆದು ನಿಲ್ಲಿಸಿಕೊಂಡಳು.

"ಅಲುಗಾಡಬೇಡ," ಅಂದಳು.

ಸ್ವಲ್ಪ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು ಒಳಗೆ ಹೋದಳು. ಒಬ್ಬಳೇ ಅಡುಗೆ ಮಾಡಿದಳು, ಎಡೆ ಇಟ್ಟಳು, ಪೂಜೆ ಮುಗಿಸಿದಳು. ಮಗನನ್ನು ಊಟಕ್ಕೆ ಕೂಗಿದಳು. ಹೊರಗೆ ಬಂದು ನೋಡಿದರೆ ಬಿಸಿಲು ನೆತ್ತಿಗೆ ಬಂದಿದೆ. ನಂಜುಂಡಿ ಅದೇ ಹೊಸ್ತಿಲಲ್ಲಿ, ಪಕ್ಕದಲ್ಲಿ ಅವಳು ನಿಂತಿದ್ದಷ್ಟೇ ಜಾಗ ಬಿಟ್ಟು, ಬೆವರು ಸುರಿಸುತ್ತಾ ಕಂಬದ ಹಾಗೆ ನಿಂತಿದ್ದಾನೆ.

ಬಾರೋ ಅಂದಳು. ಅವನು ತುಟಿಯನ್ನಷ್ಟೇ ಆಡಿಸಿದ.

"ತಾಳವ್ವ. ಅಪ್ಪ ಇನ್ನೂ ಆಯ್ತು ಅಂದಿಲ್ಲ."