ಎಡಕ್ಕೆಳೆಯುವ ಸ್ಟೀರಿಂಗ್

ಹೇಮಾವತಿಯ ದಡದಲ್ಲಿ ಬೊಳ್ಳಮ್ಮನ ಕಾರುಶೆಡ್ಡು. ಹರೆಯದಲ್ಲಿ ಘಾಟಿ ರಸ್ತೆಗಳನ್ನೆಲ್ಲ ನಡುಗಿಸಿದ ರ‍್ಯಾಲಿ ಓಟಗಾರ್ತಿ ಆಕೆ. ಕಲಿಯಲು ಬಂದವರು ಆ ಶೆಡ್ಡನ್ನು ಆಶ್ರಮ ಅನ್ನುತ್ತಾರೆ. ಅಲ್ಲಿ ಉಪದೇಶ ಕಡಿಮೆ, ಗ್ರೀಸು ಜಾಸ್ತಿ.

ಆಶ್ರಮಕ್ಕೊಂದು ದೇವರು ಬೇಕಲ್ಲ, ಇತ್ತು: ಕೆಂಪು ಸ್ಪೋರ್ಟ್ಸ್ ಕಾರು. ಸೂರಿಲ್ಲ, ಬಾಗಿಲು ಮೊಣಕಾಲೆತ್ತರ, ವಯಸ್ಸು ಹೆಚ್ಚುಕಮ್ಮಿ ಬೊಳ್ಳಮ್ಮನದೇ.

ಆವತ್ತು ಬೆಟ್ಟದ ಓಟ. ಸ್ಟೀರಿಂಗ್ ರಿಪೇರಿ ಸರಿಹೋದರೆ ಕಾರು ನಿನ್ನ ಕೈಗೆ, ಇಲ್ಲವಾದರೆ ಬರುವ ವರ್ಷ ನೋಡೋಣ ಅಂತ ಶಿಷ್ಯೆ ಫಿಲೋಮಿನಾಗೆ ಮಾತು ಕೊಟ್ಟಾಗಿತ್ತು. ಖುಷಿಗೆ ಅವಳಿಗೆ ಹಿಂದಿನ ದಿನದಿಂದ ಅನ್ನ ಸೇರಿರಲಿಲ್ಲ.

ಗಾಲಿ ತಿರುಗಿಸುವ ಸರಳುಗಳ ಕೀಲಿನಲ್ಲಿ ಹಳೇ ರಬ್ಬರ್ ಬಳೆಗಳು, ಅಂದರೆ ಬುಷ್ಷುಗಳು, ಸವೆದಿದ್ದವು. ಹೊಸವನ್ನು ಕೂರಿಸಿ, ಮೈಯ ಬಲವನ್ನೆಲ್ಲ ಹಾಕಿ ನಟ್ಟು ಬಿಗಿದಳು. ಓಡಿಸಿ ನೋಡಿದರೆ ಸ್ಟೀರಿಂಗು ಹಟಮಾರಿ ಎಮ್ಮೆ. ಬಲಕ್ಕೆ ತಿರುಗಿಸಲು ಹೋದರೆ ತೋಳೇ ಕಿತ್ತುಬರಬೇಕು. ಕೈ ಬಿಟ್ಟರೆ ತಾನೇ ಎಡಕ್ಕೆ.

ಬುಷ್ಷೇ ಕೆಟ್ಟದ್ದು ಅಂದಳು. ಮಾರಿದವನಿಗೆ ಶಾಪ ಹಾಕಿದಳು. ಎಣ್ಣೆ ಸುರಿಯಲಾ, ಅರ ಹಾಕಿ ಉಜ್ಜಲಾ, ನಟ್ಟು ಒಂಚೂರು ಸಡಿಲ ಬಿಡಲಾ ಎಂದು ಒಂದೇ ಉಸಿರಿಗೆ ಕೇಳಿದಳು.

ಬೊಳ್ಳಮ್ಮ ಕಾಫಿ ಲೋಟ ಕೆಳಗಿಟ್ಟಳು. "ಬಿಗಿಯುವಾಗ ಎಲ್ಲಿ ನೋಡ್ತಿದ್ದೆ?"

"ನಟ್ಟನ್ನೇ."

"ಮನಸ್ಸು?"

ಫಿಲೋಮಿನಾ ನಾಚಿಕೆಯಿಲ್ಲದೆ ಎಡಕ್ಕೆ ತಿರುಗಿ ಬೆಟ್ಟ ತೋರಿಸಿದಳು.

"ಹಂಗೇ ನೋಡ್ತಾ ಇರು."

ಬೊಳ್ಳಮ್ಮ ತನ್ನ ಹಳೇ ಓಟದ ತಲೆವಸ್ತ್ರ ತಂದು ಶಿಷ್ಯೆಯ ತಲೆಗೆ ಸುತ್ತಿದಳು. ಗಲ್ಲದಡಿ ಗಂಟು ಹಾಕಿ, ತುದಿಯನ್ನು ಎಳೆದು ಅಂಗಿಯ ಎಡಭುಜಕ್ಕೆ ಪಿನ್ನು ಚುಚ್ಚಿದಳು. ಕಾರು ಸಿಕ್ಕೇಬಿಟ್ಟಿತು ಎಂದುಕೊಂಡಳು ಫಿಲೋಮಿನಾ.

"ಈಗ ನನ್ನ ನೋಡು."

ಬಲಕ್ಕೆ ತಿರುಗಲು ಹೋದಳು. ಬಟ್ಟೆ ಹಿಡಿಯಿತು. ತಿಣುಕಿ ಅರ್ಧ ತಿರುಗಿದಳು. ಬಿಗಿ ಬಿಟ್ಟಳೋ ಇಲ್ಲವೋ, ಮುಖ ಮತ್ತೆ ಬೆಟ್ಟದ ಕಡೆಗೆ.

"ಬಟ್ಟೆ ಕೆಟ್ಟದ್ದೇನೇ, ಫಿಲ್ಲು?"

ಫಿಲೋಮಿನಾ ನಕ್ಕಳು. ನಗುತ್ತಿದ್ದವಳು ತಟ್ಟನೆ ನಿಲ್ಲಿಸಿ, ಪಿನ್ನು ಕಿತ್ತು ಕಾರಿನತ್ತ ಓಡಿದಳು.

ಸ್ಪಾನರ್ ಸುಲಭಕ್ಕೆ ಒಳಹೋಗಲೆಂದು ಗಾಲಿಗಳನ್ನು ಎಡಕ್ಕೆ ತಿರುಗಿಸಿಟ್ಟೇ ಅವಳು ನಟ್ಟು ಬಿಗಿದಿದ್ದಳು. ನಟ್ಟು ಬಿಗಿಹಿಡಿದ ರಬ್ಬರು ಜಾರುವುದಿಲ್ಲ, ಬರೀ ತಿರುಚಿಕೊಳ್ಳುತ್ತದೆ. ಎಡವೇ ನೇರ ಎಂದು ನಂಬಿ ಕೂತಿತ್ತು, ಪಾಪ.

ಜಾಕು ಕೊಟ್ಟು ಕಾರನ್ನೆತ್ತಿ ನಟ್ಟುಗಳನ್ನೆಲ್ಲ ಸಡಿಲಿಸಿದಳು. ಕಾರನ್ನು ನೆಲಕ್ಕಿಳಿಸಿ, ಗಾಲಿ ನೆಟ್ಟಗೆ ಮಾಡಿ, ಅಷ್ಟೇ ಬಲವಾಗಿ ಮತ್ತೆ ಬಿಗಿದಳು. ನದಿಯ ದಂಡೆಗುಂಟ ಒಂದು ಸುತ್ತು ಹೊಡೆದಳು. ಸ್ಟೀರಿಂಗು ಬೆಣ್ಣೆಯಿಂದ ಕೂದಲೆಳೆದ ಹಾಗೆ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಕೈ ಬಿಟ್ಟರೆ ನಡುವಿಗೆ ಬಂದು ನಿಂತಿತು.

ಕೇಕೆ ಹಾಕುತ್ತಲೇ ವಾಪಸು ಬಂದು, ಅದೇ ಬುಷ್ಷು, ಅದೇ ಬಿಗಿ ಎಂದು ಬಡಬಡಿಸಿದಳು. ಎಂಜಿನ್ನು ನಿಲ್ಲಿಸದೆ, ಸಡಿಲಾಗಿದ್ದ ತಲೆವಸ್ತ್ರ ಬಿಗಿಯಲೆಂದು ತಲೆಯೊಡ್ಡಿದಳು. ಕಣ್ಣು ಆಗಲೇ ಎಡಕ್ಕೆ ಹಾರಿತ್ತು.

"ಗುರುಗಳೇ, ಬೆಟ್ಟದ ತುದಿ ಮುಟ್ಟೋಕೆ ಎಷ್ಟು ಹೊತ್ತು ಬೇಕು?"

ಬೊಳ್ಳಮ್ಮ ಅವಳ ಗಲ್ಲ ಹಿಡಿದು ಮುಖವನ್ನು ನೇರಕ್ಕೆ ತಿರುಗಿಸಿ, ಗಂಟು ಬಿಗಿದಳು.

"ಬೆಟ್ಟ ಎಲ್ಲಿಗೂ ಹೋಗಲ್ಲ. ಮೊದಲು ಗೇಟು ದಾಟು."